ಅಲ್ಟ್ರಾಸೋನಿಕ್ ಕ್ಲೀನರ್: ತೊಟ್ಟಿಗೆ ಹಾಕುವ ಮುನ್ನ ತಿಳಿದಿರಲಿ

ರನ್ನ ಬೆಳಗಲಿ (ಬಾಗಲಕೋಟೆ ಜಿಲ್ಲೆ): ಮದುವೆಯ ದಿನಗಳು ಸಮೀಪಿಸಿದವೆಂದರೆ ಮುಧೋಳ, ಮಹಾಲಿಂಗಪುರ, ಜಮಖಂಡಿ, ರಬಕವಿ-ಬನಹಟ್ಟಿ ಸೀಮೆಯ ಮನೆಗಳಲ್ಲಿ ಟ್ರಂಕಿನ ತಳ ಸೇರಿದ್ದ ಚಿನ್ನ ಹೊರಬರುತ್ತದೆ. ಅಜ್ಜಿಯ ಕಾಲದ ಬೋರಮಾಳ, ತಾಯಿಯ ಗುಂಡಿನ ಸರ, ಹರಳು ಕೂರಿಸಿದ ಓಲೆ, ನವರತ್ನದ ಉಂಗುರ ಎಲ್ಲವೂ ಎಣ್ಣೆ, ಅರಿಶಿನ, ಬೆವರಿನ ಜಿಡ್ಡು ಹಿಡಿದು ಮಂಕಾಗಿರುತ್ತವೆ. ಹಿಂದಿನವರು ಅಂಟುವಾಳಕಾಯಿಯನ್ನು ನೆನೆಹಾಕಿ, ಅದರ ನೊರೆಯಲ್ಲಿ ಒಡವೆಯನ್ನು ಮೃದುವಾಗಿ ಉಜ್ಜಿ ತೊಳೆಯುತ್ತಿದ್ದರು. ಇಂದು ಆ ಕೆಲಸಕ್ಕೆ ಸ್ಟೀಲಿನ ಪುಟ್ಟ ತೊಟ್ಟಿಯೊಂದು ಬಂದಿದೆ. ನೀರು ತುಂಬಿ, ಒಡವೆ ಇಳಿಸಿ, ಗುಂಡಿ ಒತ್ತಿದರಾಯಿತು. ಮೂರು ನಿಮಿಷದಲ್ಲಿ ನೀರು ಮಸುಕಾಗಿ, ಒಡವೆ ಥಳಥಳಿಸುತ್ತದೆ.

ಕನ್ನಡಕದ ಅಂಗಡಿ, ದಂತ ಚಿಕಿತ್ಸಾಲಯ, ಗಡಿಯಾರ ರಿಪೇರಿಯ ಕಟ್ಟೆ ಹಾಗೂ ದೊಡ್ಡ ಆಭರಣ ಮಳಿಗೆಗಳಿಗೆ ಸೀಮಿತವಾಗಿದ್ದ ಈ ಅಲ್ಟ್ರಾಸೋನಿಕ್ ಕ್ಲೀನರ್ ಈಗ ಕೆಲವೇ ಸಾವಿರ ರೂಪಾಯಿಗೆ ಮನೆ ಬಾಗಿಲಿಗೆ ಬರುತ್ತಿದೆ. ಆಭರಣ, ಕನ್ನಡಕ, ಕೃತಕ ದಂತ, ಪೆನ್ನಿನ ನಿಬ್ಬು, ಮಕ್ಕಳ ಹಾಗೂ ಹವ್ಯಾಸಿಗಳ ವಿಮಾನ-ರೈಲು ಮಾದರಿಗಳ ಬಿಡಿಭಾಗ, ಹೀಗೆ ಎಲ್ಲಕ್ಕೂ ಇದೊಂದೇ ಸಾಕೆಂಬ ಜಾಹೀರಾತೂ ಅದರ ಜೊತೆಗೇ ಬರುತ್ತದೆ. ಯಂತ್ರದ ಸಾಮರ್ಥ್ಯದ ಬಗ್ಗೆ ಅನುಮಾನ ಬೇಡ. ಆದರೆ ಯಾವುದು ಕೊಳೆ, ಯಾವುದು ವಸ್ತುವಿನದೇ ಅಂಗ ಎಂಬ ಭೇದ ಅದಕ್ಕೆ ತಿಳಿಯದು. ಸಡಿಲವಾಗಿ ಅಂಟಿಕೊಂಡಿರುವುದನ್ನೆಲ್ಲ ಅದು ಬಿಡಿಸುತ್ತದೆ. ಆ ಭೇದವನ್ನು ಬಳಸುವವರೇ ಅರಿತಿರಬೇಕು.

ಕೇಳಿಸದ ಸದ್ದಿನ ಕೆಲಸ

ಮನುಷ್ಯನ ಕಿವಿಗೆ ಕೇಳುವ ಧ್ವನಿಯ ಮೇಲ್ಮಿತಿ ಸೆಕೆಂಡಿಗೆ ಸುಮಾರು 20,000 ಕಂಪನ, ಅಂದರೆ 20 ಕಿಲೋಹರ್ಟ್ಸ್. ಅದಕ್ಕೂ ಮೇಲಿನದು ಶ್ರವಣಾತೀತ ಧ್ವನಿ. ಮನೆಬಳಕೆಯ ಕ್ಲೀನರ್‌ಗಳು ಬಹುಮಟ್ಟಿಗೆ 40 ಕಿಲೋಹರ್ಟ್ಸ್ ಆಸುಪಾಸಿನಲ್ಲಿ ಕೆಲಸ ಮಾಡುತ್ತವೆ. ತೊಟ್ಟಿಯ ತಳಕ್ಕೆ ಹೊರಗಿನಿಂದ ಅಂಟಿಸಿದ ಪೀಜೋ ಸಿರಾಮಿಕ್ ಬಿಲ್ಲೆ ವಿದ್ಯುತ್ತನ್ನು ಕಂಪನವಾಗಿ ಮಾರ್ಪಡಿಸುತ್ತದೆ. ಒತ್ತಡಕ್ಕೂ ವಿದ್ಯುತ್ತಿಗೂ ಇರುವ ಈ ನಂಟನ್ನು ಫ್ರಾನ್ಸಿನ ಕ್ಯೂರಿ ಸಹೋದರರು 1880ರಲ್ಲಿ ಸ್ಫಟಿಕಗಳಲ್ಲಿ ಗುರುತಿಸಿದ್ದರು.

ಕಂಪನದ ಅಲೆಗಳು ನೀರನ್ನು ಒಮ್ಮೆ ಒತ್ತಿ, ಮರುಕ್ಷಣ ಹಿಗ್ಗಿಸುತ್ತವೆ. ಹಿಗ್ಗಿದಾಗ ಒತ್ತಡ ಕುಸಿದು ಕಣ್ಣಿಗೆ ಕಾಣದಷ್ಟು ಸಣ್ಣ ಗುಳ್ಳೆಗಳು ಹುಟ್ಟುತ್ತವೆ. ಒತ್ತಿದಾಗ ಅವು ರಭಸದಿಂದ ಒಳಕುಸಿದು ಒಡೆಯುತ್ತವೆ. ಗಟ್ಟಿ ಮೇಲ್ಮೈಯ ಸಮೀಪದಲ್ಲಿ ಒಡೆಯುವ ಗುಳ್ಳೆಯು ಆ ಮೇಲ್ಮೈಯತ್ತ ನೀರಿನ ಸೂಕ್ಷ್ಮ ಧಾರೆಯನ್ನು ಚಿಮ್ಮಿಸುತ್ತದೆ. ಲಕ್ಷಾಂತರ ಗುಳ್ಳೆಗಳ ಈ ಏಟೇ ಕೊಳೆಯನ್ನು ಕೀಳುವುದು. ಬ್ರಷ್ಷು ಹೋಗದ ಸಂದು, ಹರಳಿನ ಹಿಂಬದಿ, ಸರಪಳಿಯ ಕೊಂಡಿಗಳ ನಡುವೆ ನೀರು ಹೋದಲ್ಲೆಲ್ಲ ಗುಳ್ಳೆಯೂ ಹೋಗುತ್ತದೆ.

‘ಕ್ಯಾವಿಟೇಶನ್’ ಎಂದು ಕರೆಯಲಾಗುವ ಈ ಕ್ರಿಯೆ ಮೊದಲು ಗಮನಕ್ಕೆ ಬಂದದ್ದು ಉಪಕಾರಿಯಾಗಿ ಅಲ್ಲ, ಉಪದ್ರವವಾಗಿ. 1890ರ ದಶಕದಲ್ಲಿ ಬ್ರಿಟಿಷ್ ನೌಕಾಪಡೆಯ ವೇಗದ ಹಡಗುಗಳ ಪ್ರೊಪೆಲ್ಲರ್‌ಗಳು ಇದರಿಂದ ಬಲ ಕಳೆದುಕೊಂಡಿದ್ದವು. ಗುಳ್ಳೆಯ ಕುಸಿತದ ಗಣಿತವನ್ನು ಲಾರ್ಡ್ ರ‍್ಯಾಲಿ 1917ರಲ್ಲಿ ವಿವರಿಸಿದರು. ಹೊಳೆಯಿಂದ ಕಬ್ಬಿನ ಗದ್ದೆಗೆ ನೀರೆತ್ತುವ ರೈತರಿಗೂ ಇದರ ಪರಿಚಯವಿದೆ. ಪಂಪನ್ನು ನೀರಿನ ಮಟ್ಟಕ್ಕಿಂತ ತೀರಾ ಎತ್ತರದಲ್ಲಿ ಕೂರಿಸಿದರೆ ಒಳಗೆ ಜಲ್ಲಿಕಲ್ಲು ಉರುಳಿದಂಥ ಸದ್ದು ಬರುತ್ತದೆ. ಕೆಲವು ಕಾಲದ ನಂತರ ಬಿಚ್ಚಿ ನೋಡಿದರೆ ಇಂಪೆಲ್ಲರ್ ಮೇಲೆ ಇರುವೆ ಕಡಿದಂತೆ ಗುಂಡಿಗಳು. ಲೋಹವನ್ನೇ ಕೊರೆಯುವ ಅದೇ ಗುಳ್ಳೆ, ಅಳತೆಯಲ್ಲಿ ಸಣ್ಣದಾಗಿ, ಕ್ಲೀನರ್ ತೊಟ್ಟಿಯಲ್ಲಿ ಕೊಳೆ ತೆಗೆಯುವ ಕೂಲಿಯಾಗಿದೆ.

ದ್ರವದೊಳಗಿನ ಈ ಅಲೆಗಳ ಅಧ್ಯಯನಕ್ಕೆ ಬೆಂಗಳೂರಿನ ನಂಟೂ ಇದೆ. ಶ್ರವಣಾತೀತ ಅಲೆಗಳು ಹಾಯುವ ದ್ರವದಲ್ಲಿ ಬೆಳಕು ಹೇಗೆ ಚದುರುತ್ತದೆ ಎಂಬ ಸಿದ್ಧಾಂತವನ್ನು ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿದ್ದ ಸಿ.ವಿ. ರಾಮನ್ ಮತ್ತು ಎನ್.ಎಸ್. ನಾಗೇಂದ್ರನಾಥ್ 1935-36ರಲ್ಲಿ ಮಂಡಿಸಿದರು. ‘ರಾಮನ್-ನಾಥ್ ಸಿದ್ಧಾಂತ’ ಎಂಬ ಹೆಸರಿನಲ್ಲಿ ಅದು ಇಂದಿಗೂ ಪಠ್ಯಪುಸ್ತಕಗಳಲ್ಲಿದೆ.

ರನ್ನನ ಊರಿನಲ್ಲಿ ರತ್ನಪರೀಕ್ಷೆ

‘ರನ್ನ’ ಎಂಬುದು ‘ರತ್ನ’ ಶಬ್ದದ ತದ್ಭವ. ಕ್ರಿ.ಶ. 993ರಲ್ಲಿ ‘ಅಜಿತಪುರಾಣ’ವನ್ನು ಪೂರೈಸಿದ ಕವಿ ರನ್ನ ಬಳೆಗಾರರ ಮನೆತನದವನು, ಅವನ ಹೆಸರನ್ನು ಬೆಳಗಲಿ ಇಂದು ಹೊತ್ತುಕೊಂಡಿದೆ. ರತ್ನದ ಹೆಸರಿನ ಕವಿಯ ಊರಿನಲ್ಲಿ ಮೊದಲ ಪ್ರಶ್ನೆಯೂ ರತ್ನದ್ದೇ: ಯಾವ ಹರಳನ್ನು ತೊಟ್ಟಿಗೆ ಇಳಿಸಬಹುದು, ಯಾವುದನ್ನು ಕೂಡದು?

ಹರಳಿಲ್ಲದ ಗಟ್ಟಿ ಚಿನ್ನದ ಬಳೆ, ಸರಪಳಿ, ಉಂಗುರಗಳಿಗೆ ಅಪಾಯ ಕಡಿಮೆ. ಬಿರುಕಿಲ್ಲದ ವಜ್ರ, ಯಾವುದೇ ಸಂಸ್ಕರಣೆಗೆ ಒಳಗಾಗದ ಮಾಣಿಕ್ಯ ಹಾಗೂ ನೀಲ ಸಾಮಾನ್ಯವಾಗಿ ತಾಳಿಕೊಳ್ಳುತ್ತವೆ. ಆದರೆ ಅಗ್ಗದ ಮಾಣಿಕ್ಯಗಳಲ್ಲಿ ಬಿರುಕುಗಳಿಗೆ ಗಾಜು ತುಂಬಿರುವುದುಂಟು. ಆ ತುಂಬು ಹಾಳಾದರೆ ಮುಚ್ಚಿದ್ದ ಬಿರುಕೆಲ್ಲ ಎದ್ದು ಕಾಣುತ್ತದೆ. ಪಚ್ಚೆಯಂತೂ ಹುಟ್ಟಿನಿಂದಲೇ ಸೀಳುಗಳುಳ್ಳ ಕಲ್ಲು. ಆ ಸೀಳುಗಳನ್ನು ಎಣ್ಣೆ ಅಥವಾ ರಾಳ ತುಂಬಿ ಮರೆಮಾಡುವುದು ವ್ಯಾಪಾರದ ಹಳೆಯ ರೂಢಿ. ಯಂತ್ರ ಆ ಎಣ್ಣೆಯನ್ನೂ ಕೊಳೆಯೆಂದೇ ಭಾವಿಸಿ ಹೊರಹಾಕುತ್ತದೆ. ಮುತ್ತು ಮತ್ತು ಹವಳ ಕಲ್ಲುಗಳೇ ಅಲ್ಲ. ಜೀವಿಗಳು ಕಟ್ಟಿದ ಮೃದುವಾದ ಸುಣ್ಣದ ರಚನೆಗಳು. ಅವುಗಳ ಹೊಳಪು ಒಮ್ಮೆ ಹೋದರೆ ಮರಳಿ ಬಾರದು. ಓಪಲ್, ಟರ್ಕಾಯ್ಸ್ ಮತ್ತು ಅಂಬರ್‌ಗಳೂ ಇದೇ ಸಾಲಿಗೆ ಸೇರುತ್ತವೆ.

ಆದ್ದರಿಂದ ನವರತ್ನದ ಉಂಗುರವನ್ನು ಎಂದಿಗೂ ತೊಟ್ಟಿಗೆ ಹಾಕಬಾರದು. ಅದರಲ್ಲಿ ವಜ್ರ, ಮಾಣಿಕ್ಯಗಳ ಮಗ್ಗುಲಲ್ಲೇ ಮುತ್ತು, ಹವಳ, ಪಚ್ಚೆಗಳೂ ಕೂತಿರುತ್ತವೆ. ಒಂಬತ್ತರಲ್ಲಿ ಮೂರು ತಾಳದಿದ್ದರೆ ಉಂಗುರವೇ ತಾಳದು ಎಂದರ್ಥ. ಕರಿಮಣಿ ಮತ್ತು ಹವಳ ಪೋಣಿಸಿದ ಮಾಂಗಲ್ಯ ಸರಕ್ಕೂ ಇದೇ ನಿಯಮ. ಅಲ್ಲಿ ಹವಳದ ಜೊತೆಗೆ ನೂಲಿನ ಚಿಂತೆಯೂ ಇದೆ. ಇನ್ನು ಯಾವ ಹರಳೇ ಇರಲಿ, ತೊಟ್ಟಿಗೆ ಇಳಿಸುವ ಮುನ್ನ ಕಿವಿಯ ಬಳಿ ಹಿಡಿದು ಮೆಲ್ಲಗೆ ತಟ್ಟಿ ನೋಡುವುದು ಲೇಸು. ಕಟಕಟ ಸದ್ದು ಬಂದರೆ ಕೊಕ್ಕೆ ಸಡಿಲವಾಗಿದೆ ಎಂದು ತಿಳಿಯಬೇಕು. ಎಷ್ಟೋ ಒಡವೆಗಳಲ್ಲಿ ಸಡಿಲವಾದ ಹರಳನ್ನು ಹಿಡಿದಿಟ್ಟಿರುವುದು ಹಳೆಯ ಜಿಡ್ಡೇ. ಜಿಡ್ಡು ಹೋದೊಡನೆ ಹರಳೂ ಉದುರುತ್ತದೆ. ತೊಳೆದ ನೀರನ್ನು ಬಚ್ಚಲಿಗೆ ಸುರಿಯುವ ಮುನ್ನ ತೆಳು ಬಟ್ಟೆಯಲ್ಲಿ ಸೋಸಬೇಕೆನ್ನುವುದು ಇದಕ್ಕಾಗಿಯೇ. ಅಕ್ಕಸಾಲಿಗರ ಅಂಗಡಿಯ ಕಸವನ್ನೂ ತೊಳೆದು ಚಿನ್ನದ ಕಣ ಹೆಕ್ಕುವ ಕಸುಬು ನಾಡಿನಲ್ಲಿ ಹಿಂದಿನಿಂದ ಇದೆ. ಆ ಎಚ್ಚರ ಮನೆಗೂ ಸಲ್ಲುತ್ತದೆ.

ಒಳಗಿರುವ ಅರಗು

ಉತ್ತರ ಕರ್ನಾಟಕದ ಮನೆಗಳು ವಿಶೇಷವಾಗಿ ಗಮನಿಸಬೇಕಾದ ಸಂಗತಿ ಅರಗಿನದು. ಬೋರಮಾಳ ಮತ್ತು ಗುಂಡಿನ ಸರದ ಹಳೆಯ ಗುಂಡುಗಳು ನೋಡಲು ತುಂಬು ಚಿನ್ನದಂತಿದ್ದರೂ ಅನೇಕವು ಒಳಗೆ ಪೊಳ್ಳು. ತೆಳುವಾದ ಚಿನ್ನದ ತಗಡನ್ನು ಗುಂಡಾಗಿಸಿ, ಒಳಗೆ ಅರಗು ತುಂಬಿ ಪತ್ತಾರರು ಅದಕ್ಕೆ ಗಟ್ಟಿತನ ಕೊಟ್ಟಿರುತ್ತಾರೆ. ಕಡಿಮೆ ಚಿನ್ನದಲ್ಲಿ ಮೈತುಂಬಿದ ಆಭರಣ ಮಾಡುವ ಜಾಣ್ಮೆ ಅದು. ಕುಂದಣದ ಕೆಲಸದಲ್ಲಿಯೂ ಹರಳಿನ ಹಿಂದೆ ಅರಗು ಹಾಗೂ ಹೊಳಪಿನ ತಗಡು ಇರುತ್ತವೆ.

ಅರಗಿಗೆ ಮೂರು ಶತ್ರುಗಳು: ಶಾಖ, ಕ್ಷಾರ ಮತ್ತು ಮದ್ಯಸಾರ. ಸುಮಾರು 70 ಡಿಗ್ರಿ ಸೆಲ್ಸಿಯಸ್ ಸುತ್ತಮುತ್ತ ಅದು ಮೆತ್ತಗಾಗತೊಡಗುತ್ತದೆ. ಸೋಡಾ, ಅಮೋನಿಯಾ ಇರುವ ದ್ರಾವಣ ಅದನ್ನು ಕರಗಿಸುತ್ತದೆ; ಸ್ಪಿರಿಟ್ ಕೂಡ ಕರಗಿಸುತ್ತದೆ. ಕ್ಲೀನರ್‌ನಲ್ಲಿ ಬಿಸಿ ನೀರು, ಕ್ಷಾರದ ದ್ರಾವಣ, ಜೊತೆಗೆ ಕಂಪನ ಒಟ್ಟಾಗಿ ಸೇರುತ್ತವೆ. ಹಳೆಯದಾಗಿ ಒಣಗಿ ಬಿರುಸಾದ ಅರಗು ಪುಡಿಯಾಗಿ ದಾರದ ತೂತಿನಿಂದ ಹೊರಬೀಳುತ್ತದೆ. ಬಳಿಕ ಉಳಿಯುವುದು ಬೆರಳಿನಿಂದ ಒತ್ತಿದರೂ ತಗ್ಗುವ ಟೊಳ್ಳು ತಗಡು. ಅದನ್ನು ಮತ್ತೆ ತುಂಬಿಸುವುದು ಸಾಧ್ಯವಾದರೂ ಆ ಕೆಲಸ ಬಲ್ಲ ಕೈಗಳನ್ನು ಹುಡುಕಿಕೊಂಡು ಹೋಗಬೇಕು. ಅಜ್ಜಿಯ ಬೋರಮಾಳಕ್ಕೆ ಅಂಟುವಾಳಕಾಯಿಯ ನೊರೆ, ಮೆತ್ತನೆಯ ಬಟ್ಟೆಗಳೇ ಇಂದಿಗೂ ಯೋಗ್ಯ. ಗುಂಡು ಪೊಳ್ಳೋ ಗಟ್ಟಿಯೋ ಎಂಬ ಅನುಮಾನವಿದ್ದರೆ ಮೊದಲು ಪತ್ತಾರರಿಗೆ ತೋರಿಸುವುದು ಕ್ಷೇಮ.

ಇದೇ ಅರಗು ಅನಿರೀಕ್ಷಿತವಾದ ಇನ್ನೊಂದು ಜಾಗದಲ್ಲೂ ಇದೆ: ಕೀಲಿ ಕೊಡುವ ಕೈಗಡಿಯಾರದ ಹೊಟ್ಟೆಯಲ್ಲಿ. ಜಪಾನಿನ ಸಿಟಿಜನ್ ಕಂಪೆನಿಯ ಸಹಯೋಗದಲ್ಲಿ 1961ರಲ್ಲಿ ಬೆಂಗಳೂರಿನಲ್ಲಿ ಎಚ್‌ಎಂಟಿ ಕೈಗಡಿಯಾರಗಳ ತಯಾರಿಕೆ ಆರಂಭವಾಯಿತು. ಎಚ್‌ಎಂಟಿ ವಾಚಸ್ ಕಂಪೆನಿಯನ್ನು ಮುಚ್ಚಲು ಕೇಂದ್ರ ಸರ್ಕಾರ 2016ರ ಜನವರಿಯಲ್ಲಿ ತೀರ್ಮಾನಿಸಿತಾದರೂ, ನಿವೃತ್ತಿಯ ಉಡುಗೊರೆಯಾಗಿಯೋ ಮದುವೆಯ ನೆನಪಾಗಿಯೋ ಬಂದ ‘ಜನತಾ’ ಗಡಿಯಾರಗಳು ರಾಜ್ಯದ ಮನೆಗಳಲ್ಲಿ ಇನ್ನೂ ಟಿಕ್‌ಟಿಕ್ ಎನ್ನುತ್ತಿವೆ. ಇಂಥ ಯಾಂತ್ರಿಕ ಗಡಿಯಾರಗಳ ಚಕ್ರಗಳನ್ನು ತಡೆತಡೆದು ಬಿಡುವ ಪ್ಯಾಲೆಟ್‌ನ ಪುಟ್ಟ ಹರಳುಗಳನ್ನು ಸಾಮಾನ್ಯವಾಗಿ ಅರಗಿನಿಂದಲೇ ಅಂಟಿಸಲಾಗಿರುತ್ತದೆ. ನುರಿತ ರಿಪೇರಿಗಾರರು ಗಡಿಯಾರವನ್ನು ಪೂರ್ತಿ ಬಿಚ್ಚಿ, ಪ್ಯಾಲೆಟ್ ಮತ್ತು ಕೂದಲೆಳೆಯಂಥ ಸ್ಪ್ರಿಂಗನ್ನು ಬೇರ್ಪಡಿಸಿ, ಉಳಿದ ಬಿಡಿಭಾಗಗಳನ್ನು ಯಂತ್ರದಲ್ಲಿ ತೊಳೆದು, ಮತ್ತೆ ಎಣ್ಣೆಯ ಹನಿಗಳನ್ನಿಟ್ಟು ಜೋಡಿಸುತ್ತಾರೆ. ಮನೆಯಲ್ಲಿ ಇಡೀ ಗಡಿಯಾರವನ್ನು ತೊಟ್ಟಿಗೆ ಹಾಕಿದರೆ ಎಣ್ಣೆ ಹೋಗುತ್ತದೆ, ತಿರುಪು ಸಡಿಲಾಗುತ್ತದೆ, ನೀರು ಒಳನುಗ್ಗುತ್ತದೆ.

ಕ್ವಾರ್ಟ್ಜ್ ಗಡಿಯಾರಕ್ಕೆ ಬೇರೊಂದು ಅಪಾಯ. ಅದರೊಳಗಿನ ಸ್ಫಟಿಕ ಸೆಕೆಂಡಿಗೆ 32,768 ಬಾರಿ ಕಂಪಿಸುತ್ತದೆ. ಕ್ಲೀನರ್‌ನ ಕಂಪನ ಆ ಸಂಖ್ಯೆಗೆ ಬಲು ಹತ್ತಿರದಲ್ಲಿರುವುದರಿಂದ ಸ್ಫಟಿಕ ಒಡೆದುಹೋಗುವ ಸಾಧ್ಯತೆ ಇದೆ. ಕಳಚಿದ ಲೋಹದ ಪಟ್ಟಿಯನ್ನಷ್ಟೇ ಧಾರಾಳವಾಗಿ ತೊಳೆಯಬಹುದು.

ಕನ್ನಡಕ, ಕೃತಕ ದಂತ, ನಲ್ಲಿಯ ಜಾಲರಿ

ಯಂತ್ರ ನಿಜಕ್ಕೂ ಉಪಯುಕ್ತವಾಗುವ ಮನೆವಸ್ತುಗಳು ಕಡಿಮೆಯೇನಲ್ಲ. ಕನ್ನಡಕದ ಮೂಗುಬಿಲ್ಲೆ, ತಿರುಪಿನ ಸಂದುಗಳಲ್ಲಿ ಸೇರಿದ ಹಸಿರು ಕೊಳೆ ಎರಡು ನಿಮಿಷದಲ್ಲಿ ಕಳಚುತ್ತದೆ. ನೀರು ಉಗುರುಬೆಚ್ಚಗಿದ್ದರೆ ಸಾಕು. ಮಸೂರದ ಲೇಪನ ಈಗಾಗಲೇ ಬಿರುಕು ಬಿಟ್ಟಿದ್ದರೆ ಅಥವಾ ಸುಲಿಯುತ್ತಿದ್ದರೆ ಹಾಕಬಾರದು. ಕೃತಕ ದಂತಪಂಕ್ತಿ, ಬಾಚಣಿಗೆ, ಕ್ಷೌರದ ರೇಜರ್, ಶಾಯಿ ಒಣಗಿ ಕಟ್ಟಿಕೊಂಡ ಫೌಂಟನ್ ಪೆನ್ನಿನ ನಿಬ್ಬು ಎಲ್ಲವೂ ಚೆನ್ನಾಗಿ ಶುಚಿಯಾಗುತ್ತವೆ. ಗಡಸು ನೀರಿನಿಂದ ಬಿಳಿಯ ಪದರ ಕಟ್ಟಿದ ನಲ್ಲಿಯ ಜಾಲರಿಯನ್ನು ನಿಂಬೆ ಉಪ್ಪು ಬೆರೆಸಿದ ನೀರಿನ ಲೋಟದಲ್ಲಿಟ್ಟು, ಆ ಲೋಟವನ್ನು ತೊಟ್ಟಿಯ ನೀರಿನಲ್ಲಿ ಇಳಿಸಿದರೆ ಸುಣ್ಣ ಬೇಗ ಬಿಡುತ್ತದೆ.

ಬೆಳ್ಳಿ ಕಪ್ಪಾಗುವುದು ಕೊಳೆಯಿಂದಲ್ಲ, ಗಂಧಕದೊಡನೆ ಸೇರಿ ಉಂಟಾಗುವ ರಾಸಾಯನಿಕ ಪದರದಿಂದ. ಬರೀ ಸಾಬೂನು ನೀರಿನ ಕಂಪನಕ್ಕೆ ಅದು ಜಗ್ಗದು. ಬೀದರಿನ ಬಿದರಿ ಕಲಾಕೃತಿಯ ಕಪ್ಪು ಬಣ್ಣವಂತೂ ಕುಶಲಕರ್ಮಿಗಳು ಮಣ್ಣಿನ ಮಿಶ್ರಣದಿಂದ ಬೇಕೆಂದೇ ತಂದದ್ದು. ಚನ್ನಪಟ್ಟಣದ ಆಟಿಕೆ ಮರದ ಮೇಲೆ ಅರಗಿನ ಬಣ್ಣ ಹೊದ್ದದ್ದು. ಇವೆರಡನ್ನೂ ತೊಟ್ಟಿಯಿಂದ ದೂರವಿಡಬೇಕು.

ಹಸುಗೂಸಿನ ಹಾಲಿನ ಬಾಟಲಿಯ ವಿಷಯದಲ್ಲಿ ಒಂದು ತಪ್ಪು ಕಲ್ಪನೆ ಇದೆ. ಈ ಯಂತ್ರ ಕೊಳೆ ತೆಗೆಯುತ್ತದೆಯೇ ಹೊರತು ರೋಗಾಣುಮುಕ್ತ ಮಾಡುವುದಿಲ್ಲ. ದಂತವೈದ್ಯರು ಉಪಕರಣಗಳನ್ನು ಇದರಲ್ಲಿ ತೊಳೆದ ನಂತರ ಒತ್ತಡದ ಹಬೆಯ ಆಟೋಕ್ಲೇವ್‌ನಲ್ಲಿ ಬೇರೆಯಾಗಿ ಶುದ್ಧೀಕರಿಸುತ್ತಾರೆ. ಬಾಟಲಿಯನ್ನು ಕುದಿಸುವ ಕೆಲಸ ತಪ್ಪದು.

ಮಾದರಿಗಳ ಬಿಡಿಭಾಗ

ವಿಮಾನ, ಟ್ಯಾಂಕ್, ರೈಲುಗಳ ಮಾದರಿ ಜೋಡಿಸುವ ಹವ್ಯಾಸಿಗಳಿಗೆ ಕ್ಲೀನರ್ ಒಳ್ಳೆಯ ಒಡನಾಡಿ. ಪ್ಲಾಸ್ಟಿಕ್ ಕಿಟ್‌ಗಳ ಭಾಗಗಳ ಮೇಲೆ ಅಚ್ಚಿನಿಂದ ಬಿಡಿಸಲು ಬಳಸಿದ ಜಿಡ್ಡಿನ ಅಂಶ ಉಳಿದಿದ್ದರೆ ಬಣ್ಣ ಹಿಡಿಯುವುದಿಲ್ಲ. ಒಂದೆರಡು ಹನಿ ಪಾತ್ರೆ ತೊಳೆಯುವ ದ್ರವ ಬೆರೆಸಿದ ನೀರಿನಲ್ಲಿ ಎರಡು ಮೂರು ನಿಮಿಷ ಇಟ್ಟರೆ ಅದು ಹೋಗುತ್ತದೆ. ಹೀಟರ್ ಹಾಕಬಾರದು, ತೆಳ್ಳನೆಯ ಪಾಲಿಸ್ಟೈರೀನ್ ಭಾಗಗಳು ಶಾಖಕ್ಕೆ ಸೊಟ್ಟಗಾಗುತ್ತವೆ. ಸಣ್ಣ ಭಾಗಗಳನ್ನು ಚಹಾ ಸೋಸುವ ಜಾಲರಿಯಲ್ಲಿಟ್ಟು ಇಳಿಸಿದರೆ ಕಳೆದುಹೋಗುವ ಭಯವಿಲ್ಲ. ಕ್ರೋಮ್ ಲೇಪನದ ಭಾಗ, ಬಣ್ಣ ಬಳಿದ ಭಾಗ, ಅಂಟಿಸಿದ ಚಿತ್ರಪಟ್ಟಿ, ಪಾರದರ್ಶಕ ಕಿಟಕಿಗಳನ್ನು ಹಾಕದಿರುವುದು ಮೇಲು.

ಬಣ್ಣ ಸಿಂಪಡಿಸುವ ಏರ್‌ಬ್ರಷ್‌ನ ಮೂತಿಯನ್ನು ಬಿಚ್ಚಿ, ರಬ್ಬರ್ ಬಳೆಗಳನ್ನು ತೆಗೆದು ತೊಳೆದರೆ ಒಣಗಿದ ಬಣ್ಣ ಬಿಡುತ್ತದೆ. ಮಾದರಿ ರೈಲಿನ ಎಂಜಿನ್‌ನ ಲೋಹದ ಚಕ್ರ, ಹಲ್ಲುಗಾಲಿಗಳಲ್ಲಿ ಗಟ್ಟಿಯಾದ ಹಳೆಯ ಎಣ್ಣೆಯೂ ಹೋಗುತ್ತದೆ. ಒಣಗಿಸಿದ ಬಳಿಕ ಹೊಸ ಎಣ್ಣೆ ಹಾಕುವುದನ್ನು ಮರೆಯಬಾರದು. ಮೋಟಾರು ಮತ್ತು ಸರ್ಕ್ಯೂಟ್‌ಗೆ ತೊಟ್ಟಿ ನಿಷಿದ್ಧ.

ನಿಜವಾದ ಗಂಡಾಂತರವಿರುವುದು ರೆಸಿನ್‌ನಿಂದ ಅಚ್ಚಾದ ತ್ರಿಡಿ ಪ್ರಿಂಟ್‌ಗಳ ತೊಳೆಯುವಿಕೆಯಲ್ಲಿ. ಹಸಿ ರೆಸಿನ್ ತೆಗೆಯಲು ಹಲವರು ಐಸೊಪ್ರೊಪೈಲ್ ಆಲ್ಕೊಹಾಲ್ ಬಳಸುತ್ತಾರೆ. ಅದರ ಆವಿ ಸುಮಾರು 12 ಡಿಗ್ರಿಯಲ್ಲೇ ಹೊತ್ತಿಕೊಳ್ಳಬಲ್ಲದು. ಬಾಗಲಕೋಟೆ ಜಿಲ್ಲೆಯ ಬೇಸಿಗೆ 40 ಡಿಗ್ರಿ ಮುಟ್ಟುತ್ತದೆ. ತೊಟ್ಟಿಯ ಕಂಪನ ದ್ರವವನ್ನು ಬಿಸಿ ಮಾಡುತ್ತದೆ, ಆವಿಯನ್ನು ಎಬ್ಬಿಸುತ್ತದೆ, ತಳದಲ್ಲೇ ವಿದ್ಯುತ್ ಭಾಗಗಳಿವೆ. ಬೆಂಕಿಗೆ ಬೇಕಾದುದೆಲ್ಲ ಅಲ್ಲಿ ಕೂಡಿಬರುತ್ತದೆ. ಮನೆಬಳಕೆಯ ಯಂತ್ರಕ್ಕೆ ಆಲ್ಕೊಹಾಲ್, ಥಿನ್ನರ್, ಪೆಟ್ರೋಲ್, ಸೀಮೆಎಣ್ಣೆ ಯಾವುದನ್ನೂ ಸುರಿಯಕೂಡದು. ನೀರಿನಲ್ಲೇ ತೊಳೆಯಬಹುದಾದ ರೆಸಿನ್‌ಗಳು ದೊರೆಯುತ್ತವೆ. ಹಾಗೆ ತೊಳೆದ ನೀರನ್ನೂ ಚರಂಡಿಗೆ ಬಿಡದೆ, ಬಿಸಿಲಿಗಿಟ್ಟು ರೆಸಿನ್ ಗಟ್ಟಿಯಾದ ಮೇಲೆ ಸೋಸಿ ವಿಲೇವಾರಿ ಮಾಡಬೇಕು, ಕೈಗವಸು ಕಡ್ಡಾಯ.

ಇದೇ ಎಚ್ಚರ ಬೈಕಿನ ಕಾರ್ಬ್ಯುರೇಟರ್‌ಗೂ ಅನ್ವಯ. ಪೆಟ್ರೋಲ್ ಪೂರ್ತಿ ಬಸಿದು, ಒರೆಸಿ, ರಬ್ಬರ್ ಭಾಗಗಳನ್ನು ತೆಗೆದ ಬಳಿಕವಷ್ಟೇ ನೀರಿನ ತೊಟ್ಟಿಗೆ ಇಳಿಸಬೇಕು. ಸೋಡಾ ಹೆಚ್ಚಿರುವ ದ್ರಾವಣ ಅಲ್ಯೂಮಿನಿಯಂ ಅನ್ನು ಕಪ್ಪಾಗಿಸುತ್ತದೆ. ಕೀಟನಾಶಕ ಸಿಂಪಡಿಸುವ ಪಂಪಿನ ನಾಜಲ್‌ಗಳೂ ಇದರಲ್ಲಿ ಚೊಕ್ಕಟವಾಗುತ್ತವೆ, ನಿಜ. ಆದರೆ ಆ ತೊಟ್ಟಿಯಲ್ಲಿ ಮತ್ತೆ ದಂತಪಂಕ್ತಿಯನ್ನಾಗಲಿ ಕನ್ನಡಕವನ್ನಾಗಲಿ ತೊಳೆಯುವಂತಿಲ್ಲ. ಹೊಲದ ಕೆಲಸಕ್ಕೆ ಬೇರೆ ಯಂತ್ರವೇ ಬೇಕು.

ಬಳಸುವ ಕ್ರಮ

ಹೊಸದಾಗಿ ತುಂಬಿದ ನೀರಿನಲ್ಲಿ ಕರಗಿದ ಗಾಳಿ ಗುಳ್ಳೆಗಳ ಏಟನ್ನು ಮೆತ್ತಗಾಗಿಸುತ್ತದೆ. ಆದ್ದರಿಂದ ವಸ್ತು ಹಾಕುವ ಮುನ್ನ ಐದು ನಿಮಿಷ ಯಂತ್ರವನ್ನು ಬರೀ ನೀರಿನಲ್ಲಿ ಓಡಿಸಬೇಕು. ಶಾಖ ತಾಳುವ ಲೋಹದ ವಸ್ತುಗಳಿಗೆ 50ರಿಂದ 60 ಡಿಗ್ರಿ ಬಿಸಿ ಉತ್ತಮ. ವಸ್ತುವನ್ನು ನೇರವಾಗಿ ತಳದ ಮೇಲೆ ಇಡದೆ ಬುಟ್ಟಿಯಲ್ಲಿ, ಒಂದಕ್ಕೊಂದು ತಾಗದಂತೆ ಇಡಬೇಕು. ನೀರಿಲ್ಲದೆ ಓಡಿಸಿದರೆ ತಳದ ಬಿಲ್ಲೆಯೇ ಕೆಡುತ್ತದೆ. ಓಡುತ್ತಿರುವಾಗ ಬೆರಳು ಅದ್ದಬಾರದು. ಅರ್ಥಿಂಗ್ ಇರುವ ಪ್ಲಗ್ಗಿಗೇ ಜೋಡಿಸಬೇಕು. ನೀರು ಚೆಲ್ಲುವ ಮುನ್ನ ಪ್ಲಗ್ ಕಳಚಬೇಕು. ಕೊಳವೆಬಾವಿಯ ಗಡಸು ನೀರು ಒಣಗಿ ಬಿಳಿಯ ಕಲೆ ಬಿಡುವುದರಿಂದ ಕೊನೆಯ ಜಾಲಾಟಕ್ಕೆ ಆರ್‌ಒ ನೀರು ಲೇಸು.

ಮಾರುಕಟ್ಟೆಯಲ್ಲಿ ‘ಅಲ್ಟ್ರಾಸೋನಿಕ್’ ಹೆಸರು ಹೊತ್ತ ಕೆಲವು ಅಗ್ಗದ ಪೆಟ್ಟಿಗೆಗಳೊಳಗೆ ಇರುವುದು ಮೊಬೈಲಿನಂತೆ ಗುಂಯ್‌ಗುಟ್ಟುವ ಪುಟ್ಟ ಮೋಟಾರು ಮಾತ್ರ. ಪರೀಕ್ಷೆ ಸುಲಭ. ಅಡುಗೆಮನೆಯ ಅಲ್ಯೂಮಿನಿಯಂ ಫಾಯಿಲ್‌ನ ಒಂದು ಪಟ್ಟಿಯನ್ನು ಅರ್ಧ ನಿಮಿಷ ನೀರಿನಲ್ಲಿ ಇಳಿಬಿಟ್ಟು ಯಂತ್ರ ಓಡಿಸಬೇಕು. ನಿಜವಾದ ಯಂತ್ರವಾದರೆ ಫಾಯಿಲ್ ಮೇಲೆ ಸೂಜಿ ಚುಚ್ಚಿದಂಥ ತೂತು, ಗುಳಿಗಳು ಮೂಡುತ್ತವೆ. ಏನೂ ಆಗದಿದ್ದರೆ ಹೆಸರಷ್ಟೇ ದೊಡ್ಡದು. ಗುಳ್ಳೆಗಳು ಏನನ್ನು ಮಾಡಬಲ್ಲವು ಎಂಬುದಕ್ಕೂ ಆ ತೂತುಗಳೇ ಸಾಕ್ಷಿ. ಅಜ್ಜಿಯ ಸರವನ್ನು ತೊಟ್ಟಿಗೆ ಇಳಿಸುವ ಮುನ್ನ ಆ ಫಾಯಿಲನ್ನು ಒಮ್ಮೆ ಬೆಳಕಿಗೆ ಹಿಡಿದು ನೋಡುವುದು ಒಳ್ಳೆಯದು.

ಒಂದು ನೋಟದಲ್ಲಿ

ಹಾಕಬಹುದು: ಹರಳಿಲ್ಲದ ಗಟ್ಟಿ ಚಿನ್ನ, ಬಿಗಿಯಾಗಿ ಕೂತ ವಜ್ರ, ಲೋಹದ ಗಡಿಯಾರ ಪಟ್ಟಿ, ಲೇಪನ ಸರಿಯಿರುವ ಕನ್ನಡಕ, ಕೃತಕ ದಂತ, ಪೆನ್ನಿನ ನಿಬ್ಬು, ಬಣ್ಣ ಬಳಿಯದ ಮಾದರಿ ಭಾಗ, ಏರ್‌ಬ್ರಷ್ ಮೂತಿ.

ಹಾಕಬಾರದು: ಮುತ್ತು, ಹವಳ, ಪಚ್ಚೆ, ಓಪಲ್, ನವರತ್ನದ ಉಂಗುರ, ಅರಗು ತುಂಬಿದ ಬೋರಮಾಳ ಹಾಗೂ ಗುಂಡಿನ ಸರ, ಕುಂದಣ, ಬಿದರಿ ವಸ್ತು, ಅರಗಿನ ಬಣ್ಣದ ಆಟಿಕೆ, ಇಡೀ ಕೈಗಡಿಯಾರ, ಮೋಟಾರು.

ತುಂಬಬಾರದು: ಪೆಟ್ರೋಲ್, ಥಿನ್ನರ್, ಸ್ಪಿರಿಟ್, ಸೀಮೆಎಣ್ಣೆ.